ನಿಮ್ಮ ಹಳೆ ಡೀಸೆಲ್ ಕಾರಿನ ಹೆಡ್ ಬೀಡಿಂದೋ, ಅಲ್ಯೂಮಿನಿಯಂದೋ? ಮೊದಲು ಅದನ್ನು ನೋಡಿ

ನಮ್ಮ ಓಣಿಯ ಹುಡುಗನೊಬ್ಬ ಹಳೆ ಡೀಸೆಲ್ ಕಾರು ನೋಡಿ ಬಂದಿದ್ದ. ಬಾಡಿ ಚೆನ್ನಾಗಿದೆ, ಟೈರ್ ಹೊಸದು, ರೇಟೂ ಕಡಿಮೆ. "ಯಣ್ಣಾ, ಹೆಡ್ ಕೆಲಸ ಒಂದ್ಸಲ ಆಗ್ಯಾದಂತ. ತಗೊಳ್ಲೋ ಬ್ಯಾಡೋ?" ಅಂತ ಕೇಳಿದ. ಹೆಡ್ ಅಂದರೆ ಎಂಜಿನ್‌ನ ಸಿಲಿಂಡರ್‌ಗಳನ್ನು ಮೇಲಿನಿಂದ ಮುಚ್ಚುವ ಭಾಗ. ಅದು ಬೀಡಿಂದಾ, ಅಂದರೆ ಎರಕದ ಕಬ್ಬಿಣದ್ದಾ, ಇಲ್ಲಾ ಅಲ್ಯೂಮಿನಿಯಂದಾ ಅಂತ ನಾನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮಾರುವವರಿಗೂ ಗೊತ್ತಿರಲಿಲ್ಲವಂತೆ. ಹಳೆ ಡೀಸೆಲ್ ಗಾಡಿ ಇಟ್ಟುಕೊಂಡ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ಆದರೆ ಕಲಬುರಗಿಯ ಬಿಸಿಲಲ್ಲಿ, ಇಲ್ಲಿನ ಬೋರ್‌ವೆಲ್ ನೀರಲ್ಲಿ ಆ ಗಾಡಿ ಎಷ್ಟು ದಿನ ಬಾಳುತ್ತದೆ ಅನ್ನುವುದು ಬಹಳಷ್ಟು ಇದರ ಮೇಲೇ ನಿಂತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಡ್ ಗುರುತಿಸುವುದು ಹೇಗೆ, ಎರಡಕ್ಕೂ ಇರುವ ಫರಕೇನು, ಕೆಟ್ಟರೆ ಏನು ಮಾಡಿಸಬೇಕು, ಏನು ಮಾಡಿಸಬಾರದು, ಎಲ್ಲ ಹೇಳುತ್ತೇನೆ.

ಮೊದಲ ಕೆಲಸ: ಒಂದು ಅಯಸ್ಕಾಂತ ತನ್ನಿ

ಹಳೆ ಸ್ಪೀಕರ್ ಒಳಗಿನದಾದರೂ ಸರಿ, ಫ್ರಿಜ್ ಬಾಗಿಲಿಗೆ ಅಂಟಿಸುವ ಗೊಂಬೆಯದಾದರೂ ಸರಿ. ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ. ಮೇಲಿರುವ ವಾಲ್ವ್ ಕವರ್ ಬಿಡಿ, ಅದು ತಗಡಿಂದಿರಬಹುದು, ಪ್ಲಾಸ್ಟಿಕ್‌ದಿರಬಹುದು. ಅದರ ಕೆಳಗೆ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಮತ್ತು ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್‌ಗಳು ಕೂತಿರುವ ದಪ್ಪ ಭಾಗವೇ ಹೆಡ್. ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ (ಸಿಲಿಂಡರ್‌ಗಳಿರುವ ಎಂಜಿನ್‌ನ ಒಡಲು) ನಡುವೆ ತೆಳ್ಳಗೆ ಒಂದು ಗೆರೆಯ ಹಾಗೆ ಗ್ಯಾಸ್ಕೆಟ್‌ನ, ಅಂದರೆ ಸೋರದಂತೆ ನಡುವೆ ಹಾಕುವ ಹಾಳೆಯ, ಅಂಚು ಕಾಣುತ್ತದೆ. ಆ ಗೆರೆಯ ಮೇಲ್ಭಾಗಕ್ಕೆ ಅಯಸ್ಕಾಂತ ಹಿಡಿಯಿರಿ. ಟಕ್ ಅಂತ ಅಂಟಿಕೊಂಡರೆ ಬೀಡು, ಜಾರಿ ಬಿದ್ದರೆ ಅಲ್ಯೂಮಿನಿಯಂ. ಬೋಲ್ಟ್ ತಲೆಯ ಮೇಲೆ ಹಿಡಿದು ಮೋಸ ಹೋಗಬೇಡಿ, ಬೋಲ್ಟ್ ಯಾವಾಗಲೂ ಉಕ್ಕಿನದೇ. ಬಣ್ಣ ನೋಡಿ ಹೇಳುವುದೂ ಬೇಡ. ಬೀಡಿನ ಹೆಡ್ಡಿಗೆ ಬೆಳ್ಳಿ ಬಣ್ಣ ಹೊಡೆದಿರುತ್ತಾರೆ, ಎಣ್ಣೆ ಮಣ್ಣು ಹಿಡಿದ ಅಲ್ಯೂಮಿನಿಯಂ ಹೆಡ್ ಕಪ್ಪಗೆ ಬೀಡಿನ ಹಾಗೇ ಕಾಣುತ್ತದೆ.

ಗೆರೆಯ ಕೆಳಗೆ, ಬ್ಲಾಕಿಗೂ ಒಮ್ಮೆ ಹಿಡಿದು ನೋಡಿ. ಹಳೆ ಡೀಸೆಲ್ ಕಾರುಗಳಲ್ಲಿ ಬ್ಲಾಕ್ ಬಹುತೇಕ ಬೀಡಿನದೇ. ಅಂದರೆ ಎರಡು ತರಹದ ಜೋಡಿ ಸಿಗುತ್ತದೆ: ಬೀಡಿನ ಮೇಲೆ ಬೀಡು, ಇಲ್ಲವೇ ಬೀಡಿನ ಮೇಲೆ ಅಲ್ಯೂಮಿನಿಯಂ. ಈ ಎರಡನೇ ಜೋಡಿಯಲ್ಲೇ ಎಲ್ಲ ರಗಳೆ ಶುರುವಾಗುವುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೆಲವು ಗಾಡಿಗಳ ವಿಷಯ ಹಾಗೇ ಹೇಳಬಹುದು. 1489 ಸಿಸಿಯ ಹಳೆ ಅಂಬಾಸಿಡರ್ ಡೀಸೆಲ್‌ದು ಬೀಡಿನ ಹೆಡ್. ನಮ್ಮ ಕಡೆ ಹಳ್ಳಿ ಹಳ್ಳಿಗೂ ಜನರನ್ನು ತುಂಬಿಕೊಂಡು ಓಡಿದ ಹಳೆಯ ಟ್ರ್ಯಾಕ್ಸ್‌ಗಳಲ್ಲಿ ಮರ್ಸಿಡಿಸ್ ಮೂಲದ ಒಎಂ 616 ಎಂಜಿನ್ ಇರುತ್ತಿತ್ತು, ಅದರದೂ ಬೀಡೇ. ಝೆನ್ ಡೀಸೆಲ್ ಮತ್ತು ಎಸ್ಟೀಮ್ ಡೀಸೆಲ್‌ನಲ್ಲಿ ಬಂದ 1527 ಸಿಸಿಯ ಪ್ಯೂಜೋ ಎಂಜಿನ್‌ಗೆ ಅಲ್ಯೂಮಿನಿಯಂ ಹೆಡ್. ಸ್ವಿಫ್ಟ್ ಡೀಸೆಲ್ ಮೊದಲಾದವುಗಳ 1248 ಸಿಸಿಯ ಫಿಯಟ್ ಮಲ್ಟಿಜೆಟ್‌ಗೂ ಅಲ್ಯೂಮಿನಿಯಂ, ಮೊದಲ ಇನ್ನೋವಾದ 2494 ಸಿಸಿ ಎಂಜಿನ್‌ಗೂ ಅಲ್ಯೂಮಿನಿಯಂ. ಮರ್ಸಿಡಿಸ್ ಕೂಡ ಬೀಡಿನಿಂದ ಅಲ್ಯೂಮಿನಿಯಂಗೆ ಬಂತು: ಒಎಂ 615, 616, 617ಕ್ಕೆ ಬೀಡಿನ ಹೆಡ್ ಇತ್ತು, 1980ರ ದಶಕದಲ್ಲಿ ಬಂದ ಒಎಂ 601, 602, 603ಕ್ಕೆ ಅಲ್ಯೂಮಿನಿಯಂ ಹಾಕಿದರು. ನಿಮ್ಮ ಗಾಡಿ ಈ ಪಟ್ಟಿಯಲ್ಲಿ ಇಲ್ಲದಿದ್ದರೆ ಯಾರನ್ನೂ ಕೇಳಬೇಡಿ, ಅಯಸ್ಕಾಂತವನ್ನೇ ಕೇಳಿ.

ಎರಡಕ್ಕೂ ಇರುವ ಫರಕು

ತೂಕ ಮೊದಲು. ಒಂದೇ ಅಳತೆಯ ತುಂಡು ತಗೊಂಡರೆ ಬೀಡು ಅಲ್ಯೂಮಿನಿಯಂಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಭಾರ. ನಾಲ್ಕು ಸಿಲಿಂಡರ್‌ನ ಬೀಡಿನ ಹೆಡ್ಡನ್ನು ಒಬ್ಬರೇ ಎತ್ತಿ ಇಳಿಸಲು ಹೋಗಬೇಡಿ, ಸೊಂಟ ಹಿಡಿಯುತ್ತದೆ.

ಎರಡನೆಯದು ಬಿಸಿ ಸಾಗಿಸುವ ಗುಣ. ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಮೂರು ಪಟ್ಟು ಬೇಗ ಬಿಸಿಯನ್ನು ನೀರಿಗೆ ದಾಟಿಸುತ್ತದೆ. ಸಿಲಿಂಡರ್ ಒಳಗಿನ ಬೆಂಕಿಯ ಬಿಸಿ ವಾಲ್ವ್‌ಗಳ ನಡುವಿನ ಸಣ್ಣ ಜಾಗದಲ್ಲಿ ನಿಲ್ಲದೆ ನೀರಿಗೆ ಹೋಗುತ್ತದೆ. ಕಂಪನಿಯವರು ಅಲ್ಯೂಮಿನಿಯಂಗೆ ಹೋಗಿದ್ದು ತೂಕ ಇಳಿಸುವುದಕ್ಕೆ ಅಷ್ಟೇ ಅಲ್ಲ, ಇದಕ್ಕೂ ಹೌದು. ಅಂದರೆ ನೀರು ಸರಿಯಾಗಿ ಓಡುತ್ತಿರುವಷ್ಟು ಹೊತ್ತು ಅಲ್ಯೂಮಿನಿಯಂ ಹೆಡ್ ಬೀಡಿಗಿಂತ ಒಳ್ಳೆಯ ಹೆಡ್. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ "ಅಲ್ಯೂಮಿನಿಯಂ ಅಂದ್ರ ಹಗುರ ಮಾಲು" ಅಂತ ನಮ್ಮಲ್ಲಿ ಸುಮ್ನೆ ಒಂದು ಮಾತು ಓಡಾಡುತ್ತದೆ. ಅದು ತಪ್ಪು.

ಮೂರನೆಯದೇ ಮುಖ್ಯ. ಬಿಸಿಯಾದಾಗ ಅಲ್ಯೂಮಿನಿಯಂ ಬೀಡಿನ ಎರಡರಷ್ಟು ಹಿಗ್ಗುತ್ತದೆ. ಲೆಕ್ಕ ಹಾಕಿ ನೋಡಿ. 45 ಸೆಂಟಿಮೀಟರ್ ಉದ್ದದ ಹೆಡ್ ಬೆಳಗ್ಗೆ 25 ಡಿಗ್ರಿಯಲ್ಲಿತ್ತು, ಓಡುವಾಗ 95 ಡಿಗ್ರಿಗೆ ಬಂತು ಅಂದುಕೊಳ್ಳಿ. ಅಲ್ಯೂಮಿನಿಯಂದಾದರೆ ಸುಮಾರು 0.7 ಮಿಲಿಮೀಟರ್ ಉದ್ದವಾಗುತ್ತದೆ, ಬೀಡಿಂದಾದರೆ 0.35. ಕೆಳಗಿನ ಬ್ಲಾಕ್ ಬೀಡು, ಅದು ಹಿಗ್ಗುವುದು 0.35 ಮಾತ್ರ. ಹಾಗಾದರೆ ಅಲ್ಯೂಮಿನಿಯಂ ಹೆಡ್ ದಿನಾ ಬಿಸಿಯಾಗುವಾಗ ಒಮ್ಮೆ, ಆರುವಾಗ ಒಮ್ಮೆ ಬ್ಲಾಕಿನ ಮೇಲೆ ಉಜ್ಜುತ್ತಲೇ ಇರುತ್ತದೆ, ಆ ಉಜ್ಜಾಟವನ್ನೆಲ್ಲ ನಡುವಿನ ಗ್ಯಾಸ್ಕೆಟ್ ತಾಳಿಕೊಳ್ಳಬೇಕು. 95ರ ಜಾಗದಲ್ಲಿ ಬಿಸಿ ಇನ್ನೂ ಏರಿದರೆ ಹೆಡ್ ಹಿಗ್ಗಲು ನೋಡುತ್ತದೆ, ಬೋಲ್ಟ್‌ಗಳು ಬಿಡುವುದಿಲ್ಲ, ಕೊನೆಗೆ ಹೆಡ್ಡೇ ಬಾಗುತ್ತದೆ. ಬೀಡಿನ ಮೇಲೆ ಬೀಡು ಕೂತಿದ್ದರೆ ಎರಡೂ ಜೊತೆಯಲ್ಲೇ ಹಿಗ್ಗಿ ಜೊತೆಯಲ್ಲೇ ಕುಗ್ಗುತ್ತವೆ. ಅದಕ್ಕೇ ಹಳೆ ಅಂಬಾಸಿಡರ್ ನಾಲ್ಕು ಸಲ ಕುದ್ದರೂ ಮನೆ ಮುಟ್ಟಿಸುತ್ತಿತ್ತು.

ಅಂದಮಾತ್ರಕ್ಕೆ ಬೀಡಿಗೆ ಏನೂ ಆಗುವುದಿಲ್ಲ ಅಂತಲ್ಲ. ಬೀಡು ಬಾಗುವುದಕ್ಕಿಂತ ಹೆಚ್ಚಾಗಿ ಸೀಳುತ್ತದೆ. ಬಿಸಿ ಹೊರಗೆ ಹೋಗುವುದು ನಿಧಾನ, ಹಾಗಾಗಿ ವಾಲ್ವ್‌ಗಳ ನಡುವಿನ ಕಿರಿದಾದ ಜಾಗ ಬಹಳ ಕಾಯುತ್ತದೆ, ಆರುತ್ತದೆ, ಮತ್ತೆ ಕಾಯುತ್ತದೆ, ವರ್ಷಗಳ ಮೇಲೆ ಅಲ್ಲಿ ಕೂದಲೆಳೆಯ ಸೀಳು ಬೀಳುತ್ತದೆ. ನಮ್ಮ ಕಾಕಾನ ಹಳೆ ಗಾಡಿಯದು ಹಾಗೇ ಆಯಿತು. ಬೀಡಿನ ಹೆಡ್, ಏನೂ ಆಗಲ್ಲ ಅಂತ ವರ್ಷಗಟ್ಟಲೆ ಬರೀ ನೀರು ಹಾಕಿ ಓಡಿಸಿದ. ಒಂದು ದಿನ ಕಮಲಾಪುರದ ಹತ್ತಿರ ಕುದಿಯಿತು, ಗಡಿಬಿಡಿಯಲ್ಲಿ ಕೊಡದಿಂದ ತಣ್ಣೀರು ತಂದು ಎಂಜಿನ್ ಮೇಲೇ ಸುರಿದ. ಬಳೆ ಒಡೆದಂತೆ ಒಂದು ಸಣ್ಣ ಸದ್ದು ಬಂತಂತೆ, ಅಷ್ಟೇ. ಹೆಡ್ ಹೋಗಿತ್ತು.

ಇಲ್ಲಿನ ನೀರು, ಇಲ್ಲಿನ ಬಿಸಿಲು

ಶಹಾಬಾದ್ ಕಲ್ಲು ಎಲ್ಲರಿಗೂ ಗೊತ್ತು. ವಾಡಿ, ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಗಳು ಅಲ್ಲಿ ಯಾಕಿವೆ ಅನ್ನುವುದೂ ಗೊತ್ತು: ಕೆಳಗೆಲ್ಲ ಸುಣ್ಣದ ಕಲ್ಲು. ಆ ಕಲ್ಲಿನ ನಡುವಿನಿಂದ ಬರುವ ಬೋರ್‌ವೆಲ್ ನೀರಿನಲ್ಲಿ ಸುಣ್ಣ ಇದ್ದೇ ಇರುತ್ತದೆ. ಸ್ನಾನದ ನೀರು ಕಾಯಿಸುವ ಹಂಡೆಯ ತಳಕ್ಕೆ ಬೆಳ್ಳಗೆ ಗಟ್ಟಿಯಾಗಿ ಕೂಡುತ್ತದಲ್ವಾ, ಅದೇ ಹೆಡ್ಡಿನ ಒಳಗಿನ ನೀರಿನ ದಾರಿಗಳಲ್ಲೂ ಕೂಡುತ್ತದೆ. ಈ ಸುಣ್ಣದ ಪದರ ಬೀಡಿಗಿಂತ ಹತ್ತಾರು ಪಟ್ಟು ನಿಧಾನವಾಗಿ ಬಿಸಿ ಸಾಗಿಸುತ್ತದೆ. ಅಂದರೆ ರೇಡಿಯೇಟರ್ ತುಂಬ ನೀರಿದ್ದರೂ ಹೆಡ್ಡಿಗೆ ಆ ನೀರು ತಾಕುವುದೇ ಇಲ್ಲ, ನಡುವೆ ಒಂದು ಸುಣ್ಣದ ಗೋಡೆ.

ಅಲ್ಯೂಮಿನಿಯಂಗೆ ಇನ್ನೊಂದು ಕಷ್ಟವಿದೆ. ಕೂಲೆಂಟ್ ಇಲ್ಲದ ಸವಳು ನೀರಿನಲ್ಲಿ ಬೀಡು, ಅಲ್ಯೂಮಿನಿಯಂ, ಹಳೆ ರೇಡಿಯೇಟರ್‌ನ ತಾಮ್ರ, ಮೂರೂ ಒಟ್ಟಿಗೆ ಇದ್ದರೆ ಬ್ಯಾಟರಿಯ ಒಳಗೆ ನಡೆಯುವಂಥದ್ದೇ ಕೆಲಸ ಅಲ್ಲೂ ನಡೆಯುತ್ತದೆ, ಮೂರರಲ್ಲಿ ಸವೆಯುವುದು ಅಲ್ಯೂಮಿನಿಯಂ. ಗ್ಯಾಸ್ಕೆಟ್ ಕೂರುವ ಜಾಗದಲ್ಲೇ ನೀರಿನ ತೂತುಗಳ ಸುತ್ತ ಗುಳಿ ಬೀಳುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿದರೂ ಆ ಗುಳಿಯ ಮೇಲೆ ಅದು ಹಿಡಿಯುವುದಿಲ್ಲ.

ಹಾಗಾಗಿ ನೀರಿನ ವಿಷಯದಲ್ಲಿ ನನ್ನ ಮಾತು ಗಟ್ಟಿ. ಹೆಡ್ ಯಾವುದೇ ಇರಲಿ, ಬೋರ್‌ವೆಲ್ ನೀರು ಬೇಡವೇ ಬೇಡ. ಕೂಲೆಂಟ್ ಜೊತೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ, ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ. ಅರ್ಧಕ್ಕರ್ಧ ಬೆರೆಸಿದರೆ ನಡೆಯುತ್ತದೆ. ಬೆರೆಸಿಯೇ ಮಾರುವ ಕೂಲೆಂಟ್ ತಂದರೆ ಅದಕ್ಕೆ ಮತ್ತೆ ನೀರು ಹಾಕಬೇಡಿ. ಬೇರೆ ಬೇರೆ ಬಣ್ಣದ ಎರಡು ಕೂಲೆಂಟ್ ಕೂಡಿಸಬೇಡಿ. ಹಸಿರು ಬಣ್ಣದ ಹಳೆ ಮಾದರಿಯ ಕೂಲೆಂಟಾದರೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ತುಂಬಿಸಿ. ದಾರಿಯಲ್ಲಿ ಕುದ್ದು ನಿಂತಾಗ ಸಿಕ್ಕ ನೀರು ಹಾಕಲೇಬೇಕಾಗುತ್ತದೆ, ಅದು ಬೇರೆ. ಆದರೆ ಊರು ಮುಟ್ಟಿದ ಮೇಲೆ ಅದನ್ನು ಬಿಟ್ಟು ಹಾಕಿ ಹೊಸದು ತುಂಬಿಸಿ.

ಒಳಗೆ ಕೂತ ಸುಣ್ಣ ತೆಗೆಯಲು ಕೆಲವರು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿಯುತ್ತಾರೆ. ದಯವಿಟ್ಟು ಮಾಡಬೇಡಿ. ಅದು ಸುಣ್ಣದ ಜೊತೆ ಅಲ್ಯೂಮಿನಿಯಂ ಹೆಡ್ಡನ್ನೂ, ರೇಡಿಯೇಟರನ್ನೂ ತಿನ್ನುತ್ತದೆ.

ಇನ್ನು ಬಿಸಿಲು. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಸಾಮಾನ್ಯ. ನೆರಳಲ್ಲೇ ಅಷ್ಟು, ಡಾಂಬರಿನ ಮೇಲೆ ಇನ್ನೂ ಜಾಸ್ತಿ. ರೇಡಿಯೇಟರ್‌ಗೆ ಬರುವ ಗಾಳಿಯೇ ಕಾದಿರುತ್ತದೆ. ಈ ಊರಲ್ಲಿ ರೇಡಿಯೇಟರ್ ಕ್ಯಾಪ್ ಸಣ್ಣ ಸಾಮಾನಲ್ಲ. 0.9 ಬಾರ್‌ನ ಒಳ್ಳೆಯ ಕ್ಯಾಪ್ ಒಳಗಿನ ಒತ್ತಡ ಹಿಡಿದಿಟ್ಟುಕೊಂಡರೆ ನೀರು 100ಕ್ಕೆ ಕುದಿಯದೆ ಹೆಚ್ಚುಕಡಿಮೆ 119 ಡಿಗ್ರಿವರೆಗೆ ತಾಳುತ್ತದೆ. ಕ್ಯಾಪಿನ ರಬ್ಬರ್ ಹೋಗಿದ್ದರೆ ಆ ತಾಳಿಕೆ ಎಲ್ಲ ಹೋಯಿತು. ಬೇಸಿಗೆಗೆ ಮುಂಚೆ ಕ್ಯಾಪ್, ಹೋಸ್, ಕ್ಲಿಪ್, ಫ್ಯಾನ್ ಬೆಲ್ಟ್ ನೋಡಿಸಿ. ಮತ್ತೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಸಣ್ಣ ಸಾಮಾನು) ಕಿತ್ತು ಹಾಕುವ ಅಭ್ಯಾಸ ಬಿಡಿ. ಕಿತ್ತರೆ ಎಂಜಿನ್ ಯಾವಾಗಲೂ ತಣ್ಣಗಿರುತ್ತದೆ ಅಂತ ಅಂದುಕೊಳ್ಳುತ್ತಾರೆ. ಡೀಸೆಲ್ ಎಂಜಿನ್ ತನ್ನ ಬಿಸಿಗೆ ಬರದೆ ಓಡಿದರೆ ಹೊಗೆ ಜಾಸ್ತಿ, ಡೀಸೆಲ್ ಜಾಸ್ತಿ, ಸಿಲಿಂಡರ್ ಸವೆತವೂ ಜಾಸ್ತಿ. ಡಿಸೆಂಬರ್‌ನಲ್ಲಿ ಬೀದರ್‌ನ ಬೆಳಗಿನ ಚಳಿಯಲ್ಲಿ ಬೀಡಿನ ಹೆಡ್ ಮೊದಲೇ ನಿಧಾನ ಕಾಯುತ್ತದೆ, ಥರ್ಮೋಸ್ಟಾಟೂ ಇಲ್ಲದಿದ್ದರೆ ಹುಮನಾಬಾದ್ ಬರುವವರೆಗೂ ಗಾಡಿ ಎಳೆಯುವುದಿಲ್ಲ. ಕೆಟ್ಟಿದ್ದರೆ ಹೊಸದು ಹಾಕಿ, ಕಿತ್ತು ಬಿಡಬೇಡಿ.

ನನಗಾದದ್ದು

ಗಾಣಗಾಪುರಕ್ಕೆ ಹೋಗಿ ಮನೆಯವರನ್ನೆಲ್ಲ ಕರೆದುಕೊಂಡು ವಾಪಸ್ ಬರುತ್ತಿದ್ದೆ. ಮೇ ತಿಂಗಳು, ಮಧ್ಯಾಹ್ನ, ಎಸಿ ಹಾಕಿದ್ದೆ. ಅಲ್ಯೂಮಿನಿಯಂ ಹೆಡ್ಡಿನ ಹಳೆ ಕಾರು, ಆಗ ನನಗೂ ಅದು ಗೊತ್ತಿರಲಿಲ್ಲ. ಟೆಂಪರೇಚರ್ ಮುಳ್ಳು ಒಮ್ಮೆ ಮೇಲೆ ಹೋಯಿತು. ಎದೆ ಧಸಕ್ಕೆಂದಿತು. ಎರಡೇ ನಿಮಿಷದಲ್ಲಿ ತಾನೇ ಕೆಳಗಿಳಿದು ಮಾಮೂಲಿ ಜಾಗಕ್ಕಿಂತಲೂ ಕೆಳಗೆ ನಿಂತಿತು. ಸರಿಹೋಯಿತು ಅಂತ ಸಮಾಧಾನ ಮಾಡಿಕೊಂಡು ಓಡಿಸಿದೆ. ಆಗಿದ್ದೇನೆಂದರೆ ಕೆಳಗಿನ ಹೋಸ್‌ನ ಕ್ಲಿಪ್ ಸಡಿಲಾಗಿ ನೀರೆಲ್ಲ ಹೋಗಿತ್ತು. ಮುಳ್ಳು ತೋರಿಸುವುದು ಸೆನ್ಸರ್ ಮುಳುಗಿರುವ ನೀರಿನ ಬಿಸಿಯನ್ನು. ನೀರೇ ಇಲ್ಲದಿದ್ದರೆ ಸೆನ್ಸರ್ ಬರೀ ಗಾಳಿಯಲ್ಲಿ ನೇತಾಡುತ್ತದೆ, ಮುಳ್ಳು ಇಳಿಯುತ್ತದೆ, ಹೆಡ್ ಒಳಗೆ ಬೇಯುತ್ತಿರುತ್ತದೆ. ಐದಾರು ಕಿಲೋಮೀಟರ್ ಆದ ಮೇಲೆ ಗಾಡಿ ಎಳೆಯುವುದು ಬಿಟ್ಟಿತು.

ಮೇಲೆ ಹೋದ ಮುಳ್ಳು ಕಾರಣವಿಲ್ಲದೆ ಇಳಿದರೆ ತಕ್ಷಣ ನಿಲ್ಲಿಸಿ. ಈ ಲೇಖನದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ರಿಂಗ್ ರೋಡಿನ ಹತ್ತಿರದ ಗ್ಯಾರೇಜಿನ ಚಾಚಾ ಹೆಡ್ ಇಳಿಸಿ ಗ್ಯಾಸ್ಕೆಟ್ ಕೂರುವ ಮುಖ ಮೇಲಾಗಿ ಮರದ ತುಂಡುಗಳ ಮೇಲಿಟ್ಟರು. ಗ್ಯಾಸ್ಕೆಟ್ ಮುಖ ಒರೆಸಿ ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೆ ನಿಲ್ಲಿಸಿ, ಅದರ ಹಿಂದೆ ಟಾರ್ಚ್ ಹಿಡಿದು "ಬಗ್ಗಿ ನೋಡು ತಮ್ಮಾ" ಅಂದರು. ಎರಡೂ ತುದಿಯಲ್ಲಿ ಪಟ್ಟಿ ಕೂತಿತ್ತು, ನಡುವೆ ಎರಡನೇ ಮತ್ತು ಮೂರನೇ ಸಿಲಿಂಡರ್ ಮೇಲೆ ಬೆಳಕಿನ ಒಂದು ಸಣ್ಣ ಬಾಳೆಎಲೆ ಮಲಗಿದ ಹಾಗೆ ಕಾಣುತ್ತಿತ್ತು. ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಫೀಲರ್ ಗೇಜಿನಲ್ಲಿ 0.25 ಮಿಲಿಮೀಟರ್‌ನ ಎಲೆ ತೂರಿಸಿದರು, ತಡೆಯಿಲ್ಲದೆ ಹೋಯಿತು. ಆಮೇಲೆ ನೀರಿನ ತೂತಿನೊಳಗೆ ಸ್ಕ್ರೂಡ್ರೈವರ್ ಹಾಕಿ ಕೆರೆದರು. ಕಡಲೆಬೇಳೆಯಷ್ಟು ದಪ್ಪದ ಬಿಳಿ ಚಕ್ಕೆಗಳು ಅಂಗೈಗೆ ಉದುರಿದವು. "ನೀರ ಎಲ್ಲಿದು ಹಾಕ್ತಿದ್ದಿ?" ಅಂದರು. ಮನೆ ಬೋರಿಂದು ಅಂದೆ. "ಇದು ಬೀಡ್ ಅಲ್ಲ ತಮ್ಮಾ. ಇದಕ್ಕ ಈ ನೀರ ನಡಿಯಂಗಿಲ್ಲ." ಆವತ್ತು ಕಲಿತದ್ದು ನಾನು.

ಹೆಡ್ ಹೋಗಿದೆ ಅಂತ ತಿಳಿಯುವುದು ಹೇಗೆ

ಇಳಿಸುವ ಮುಂಚೆಯೇ ಬಹಳಷ್ಟು ಗೊತ್ತಾಗುತ್ತದೆ. ಬೆಳಗ್ಗೆ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ರೇಡಿಯೇಟರ್‌ನ ಮೇಲಿನ ಹೋಸ್ ಒತ್ತಿ ನೋಡಿ. ನೀರು ಇನ್ನೂ ಬಿಸಿಯೇ ಆಗಿಲ್ಲ, ಆದರೂ ಒಂದು ನಿಮಿಷದೊಳಗೆ ಹೋಸ್ ಕಲ್ಲಿನಂತಾದರೆ ಸಿಲಿಂಡರ್‌ನ ಒತ್ತಡ ನೀರಿಗೆ ನುಗ್ಗುತ್ತಿದೆ ಅಂತ ಅರ್ಥ. ಇನ್ನೊಂದು: ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ನೋಡಿ. ಮೊದಲು ನಾಲ್ಕು ಗುಳ್ಳೆ ಬಂದು ನಿಂತರೆ ಚಿಂತೆಯಿಲ್ಲ, ಒಳಗಿದ್ದ ಗಾಳಿ ಅದು. ಸೋಡಾ ಹಾಗೆ ಬರುತ್ತಲೇ ಇದ್ದರೆ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ ಸೀಳಿದೆ. ನೀರು ಎಲ್ಲೂ ಸೋರದೆ ಕಡಿಮೆಯಾಗುವುದು, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸಿಹಿ ವಾಸನೆಯ ಬಿಳಿ ಹೊಗೆ ಬಹಳ ಹೊತ್ತು ಬರುವುದು, ಆಯಿಲ್ ಡಿಪ್‌ಸ್ಟಿಕ್‌ಗೆ ಚಹಾದ ಬಣ್ಣದ ಕೆನೆ ಅಂಟುವುದು ಕೂಡ ಗುರುತುಗಳೇ. ಬಿಸಿ ಎಂಜಿನ್‌ನ ಕ್ಯಾಪ್ ಮಾತ್ರ ಎಂದಿಗೂ ತೆಗೆಯಬೇಡಿ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ.

ದಾರಿಯಲ್ಲಿ ಹೀಟ್ ಏರಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಕಿಟಕಿ ಇಳಿಸಿ. ಮೇ ತಿಂಗಳಲ್ಲಿ ಹೀಟರ್ ಹಾಕುವುದು ಹಿಂಸೆ, ಆದರೆ ಅದೂ ಒಂದು ಸಣ್ಣ ರೇಡಿಯೇಟರೇ. ನೆರಳು ನೋಡಿ ನಿಲ್ಲಿಸಿ. ನೀರು ಸುರಿದು ಹೋಗಿದ್ದರೆ, ಕುದಿಯುತ್ತಿದ್ದರೆ ಆಫ್ ಮಾಡಿ. ಬಾನೆಟ್ ಎತ್ತಿ ಬಿಡಿ, ಮುಟ್ಟಬೇಡಿ. ಎಂಜಿನ್ ಮೇಲೆ ನೀರು ಸುರಿಯಬೇಡಿ, ಬೀಡು ಸೀಳುತ್ತದೆ, ಅಲ್ಯೂಮಿನಿಯಂ ಬಾಗುತ್ತದೆ. ಕೈಯಿಟ್ಟರೆ ಸುಡದಷ್ಟು ಆರಿದ ಮೇಲೆ ನೀರು ಹಾಕಿ, ಅದೂ ಸ್ವಲ್ಪ ಸ್ವಲ್ಪ. ಒಂದೂವರೆ ತಾಸು ಕಾಯಬೇಕಾದರೂ ಕಾಯಿರಿ.

ಹೆಡ್ ಇಳಿಸುವಾಗ ಪಕ್ಕದಲ್ಲಿ ನಿಂತುಕೊಳ್ಳಿ

ಈ ಕೆಲಸ ಮಿಸ್ತ್ರಿಯದೇ. ಆದರೆ ಅಲ್ಯೂಮಿನಿಯಂ ಹೆಡ್ಡಿಗೆ ಬೀಡಿನ ಕೈ ಹಾಕಿದರೆ ಕೆಡುತ್ತದೆ, ಹಾಗಾಗಿ ನಿಂತು ನೋಡಿ, ಗೌರವದಿಂದಲೇ ಕೇಳಿ.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿಯಿರುವಾಗ ಬೋಲ್ಟ್ ಬಿಚ್ಚಿದರೆ ಚೆನ್ನಾಗಿದ್ದ ಅಲ್ಯೂಮಿನಿಯಂ ಹೆಡ್ ಕೂಡ ಬಾಗಿಬಿಡುತ್ತದೆ. ಬೋಲ್ಟ್‌ಗಳನ್ನು ಎರಡೂ ತುದಿಯಿಂದ ನಡುವಿಗೆ ಬರುತ್ತಾ, ಒಂದೇ ಸಲ ಬಿಚ್ಚದೆ ಸ್ವಲ್ಪ ಸ್ವಲ್ಪ ಸಡಿಲ ಮಾಡಬೇಕು. ಗ್ಲೋ ಪ್ಲಗ್ ಮತ್ತು ಇಂಜೆಕ್ಟರ್ ತೆಗೆಯುವಾಗ ಜೋರು ಮಾಡಬಾರದು. ಅಲ್ಯೂಮಿನಿಯಂನಲ್ಲಿ ಹೆಡ್ಡಿನ ತೂತಿನ ಒಳಗಿನ ಮರೆಯೇ (ತಿರುಪಿನ ಹಲ್ಲುಗಳೇ) ಕಿತ್ತು ಬರುತ್ತದೆ, ಬೀಡಿನಲ್ಲಿ ತುಕ್ಕು ಹಿಡಿದ ಬೋಲ್ಟ್ ಒಳಗೇ ಮುರಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಎರಡೂ ತಪ್ಪುತ್ತದೆ. ಇಳಿಸಿದ ಹೆಡ್ಡನ್ನು ಸಿಮೆಂಟ್ ನೆಲದ ಮೇಲೆ ಮುಖ ಕೆಳಗಾಗಿ ಇಡಬಾರದು. ತೆರೆದ ವಾಲ್ವ್‌ಗಳು ಬಾಗುತ್ತವೆ, ಮುಖಕ್ಕೆ ಗೀರು ಬೀಳುತ್ತದೆ.

ಹಳೆ ಗ್ಯಾಸ್ಕೆಟ್ ಕೆರೆಯುವಾಗ ಬೀಡಿಗೆ ಉಕ್ಕಿನ ಪಟ್ಟಿ ನಡೆಯುತ್ತದೆ. ಅಲ್ಯೂಮಿನಿಯಂಗೆ ಮರ ಅಥವಾ ಪ್ಲಾಸ್ಟಿಕ್. ಗ್ರೈಂಡರ್ ಚಕ್ರ ಯಾವುದಕ್ಕೂ ಬೇಡ, ಅದರ ಪುಡಿ ಆಯಿಲಿಗೆ ಇಳಿದು ಬೇರಿಂಗ್ ತಿನ್ನುತ್ತದೆ. ಇನ್ನೊಂದು ಬಹಳ ಮುಖ್ಯ: ಲೇಥ್ ಅಂಗಡಿಗಳಲ್ಲಿ ಬೀಡಿನ ಹೆಡ್ ತೊಳೆಯಲು ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಮುಳುಗಿಸುವುದುಂಟು. ಅಲ್ಯೂಮಿನಿಯಂ ಹೆಡ್ಡನ್ನು ಅದರಲ್ಲಿ ಹಾಕಿದರೆ ಕಾಸ್ಟಿಕ್ ಅದನ್ನು ಕರಗಿಸುತ್ತದೆ. ಕೊಡುವಾಗಲೇ ಬಾಯಿಬಿಟ್ಟು ಹೇಳಿ.

ಬಾಗಿದೆಯೋ ನೋಡಲು ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ ತೂರಿಸಬೇಕು. ಎಷ್ಟರವರೆಗೆ ನಡೆಯುತ್ತದೆ ಅನ್ನುವುದು ಆಯಾ ಎಂಜಿನ್‌ನ ಮ್ಯಾನ್ಯುವಲ್‌ನಲ್ಲಿರುತ್ತದೆ, ಸಾಮಾನ್ಯವಾಗಿ 0.05ರಿಂದ 0.10 ಮಿಲಿಮೀಟರ್. ತಲೆಗೂದಲಿನ ದಪ್ಪ ಅಷ್ಟೇ.

ಸೀಳು ಹುಡುಕುವ ರೀತಿಯೂ ಬೇರೆ. ಬೀಡಿಗೆ ಅಯಸ್ಕಾಂತ ಮತ್ತು ಕಬ್ಬಿಣದ ಪುಡಿ ಬಳಸಿ ಹುಡುಕಬಹುದು, ಸೀಳಿನ ಗುಂಟ ಪುಡಿ ಗೆರೆ ಕಟ್ಟುತ್ತದೆ. ಅಲ್ಯೂಮಿನಿಯಂಗೆ ಅದು ಕೆಲಸ ಮಾಡುವುದಿಲ್ಲ, ಕೆಂಪು ಬಣ್ಣದ ಡೈ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆದು ನೋಡಬೇಕು. ಎರಡಕ್ಕೂ ಒಪ್ಪುವುದು ಪ್ರೆಶರ್ ಟೆಸ್ಟ್: ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುವುದು, ಪಂಕ್ಚರ್ ನೋಡಿದ ಹಾಗೆ. ಇದನ್ನು ಮಾಡಿಸದೆ ಫೇಸಿಂಗ್‌ಗೆ, ಅಂದರೆ ಹೆಡ್ಡಿನ ಮುಖವನ್ನು ಮಷೀನಿನಲ್ಲಿ ಸವರಿ ಸಮ ಮಾಡಿಸುವುದಕ್ಕೆ, ದುಡ್ಡು ಹಾಕಬೇಡಿ.

ಫೇಸಿಂಗ್ ಬಗ್ಗೆ ಹುಷಾರು

ಹೆಡ್ ಬಾಗಿದೆ ಅಂದ ಕೂಡಲೇ "ಫೇಸಿಂಗ್ ಹೊಡಿಸ್ರಿ" ಅನ್ನುತ್ತಾರೆ. ಪೆಟ್ರೋಲ್ ಎಂಜಿನ್‌ನಲ್ಲಿ ಅದು ಸುಲಭ. ಡೀಸೆಲ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ನಡುವೆ ಜಾಗವೇ ಇರುವುದಿಲ್ಲ ಅನ್ನುವಷ್ಟು ಕಡಿಮೆ. ಹೆಡ್ ಸವರಿದರೆ ವಾಲ್ವ್ ಕೆಳಗಿಳಿದು ಪಿಸ್ಟನ್‌ಗೆ ತಾಕಬಹುದು, ಕಂಪ್ರೆಶನ್ ಏರಿ ಎಂಜಿನ್ ಬಡಿಯಬಹುದು. ಅದಕ್ಕೇ ಕೆಲವು ಡೀಸೆಲ್ ಹೆಡ್‌ಗಳಿಗೆ ಫೇಸಿಂಗ್ ಮಾಡಲೇಬೇಡಿ ಅಂತ ಕಂಪನಿಯೇ ಬರೆದಿರುತ್ತದೆ. ಮಾಡಬಹುದಾದ ಕಡೆ ಕನಿಷ್ಠ ಇಷ್ಟು ಎತ್ತರ ಉಳಿಯಬೇಕು ಅಂತ ಅಳತೆ ಇರುತ್ತದೆ. ಫೇಸಿಂಗ್ ಆದ ಮೇಲೆ ವಾಲ್ವ್ ಎಷ್ಟು ಒಳಗೆ ಕೂತಿದೆ ಅಂತ ಅಳೆದು ಬೇಕಾದರೆ ಸೀಟ್ (ವಾಲ್ವ್ ಕೂರುವ ಉಂಗುರ) ಕಟ್ ಮಾಡಿಸಬೇಕು. ಹಲವು ಡೀಸೆಲ್‌ಗಳಿಗೆ ಗ್ಯಾಸ್ಕೆಟ್ ಮೂರು ದಪ್ಪದಲ್ಲಿ ಸಿಗುತ್ತದೆ, ಅಂಚಿನಲ್ಲಿ ಕಚ್ಚು ಅಥವಾ ತೂತಿನ ಗುರುತು ಇರುತ್ತದೆ. ಹಳೆಯದರ ಗುರುತು ನೋಡಿ, ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಅಂತ ಅಳೆದು ಆರಿಸಬೇಕು, ಅಂಗಡಿಯಲ್ಲಿ ಇದ್ದದ್ದು ಹಾಕುವುದಲ್ಲ.

ಅಲ್ಯೂಮಿನಿಯಂನಲ್ಲಿ ಕ್ಯಾಮ್ (ತಿರುಗುತ್ತಾ ವಾಲ್ವ್‌ಗಳನ್ನು ತೆರೆಯುವ ದಂಡ) ಹೆಡ್ ಮೇಲೇ ಕೂತಿದ್ದರೆ ಇನ್ನೊಂದು ಸಂಗತಿ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ಹೆಡ್ ಬಾಗುವಾಗ ಕೆಳಗಿನ ಮುಖವಷ್ಟೇ ಬಾಗುವುದಿಲ್ಲ, ಬಾಳೆಹಣ್ಣಿನ ಹಾಗೆ ಇಡೀ ಹೆಡ್ ಬಾಗುತ್ತದೆ. ಕೆಳಗೆ ಸವರಿ ನೇರ ಮಾಡಿದರೂ ಮೇಲಿನ ಕ್ಯಾಮ್ ಕೂರುವ ಸಾಲು ಬಾಗಿಯೇ ಇರುತ್ತದೆ. ವಾಲ್ವ್ ಎಲ್ಲ ತೆಗೆದು ಬರೀ ಕ್ಯಾಮ್ ಕೂರಿಸಿ, ಕ್ಯಾಪ್ ಬಿಗಿದು ಕೈಯಲ್ಲಿ ತಿರುಗಿಸಿ ನೋಡಬೇಕು. ಸರಾಗ ತಿರುಗಿದರೆ ಸರಿ. ಹಿಡಿದರೆ ಫೇಸಿಂಗ್‌ಗಿಂತ ಮುಂಚೆ ಹೆಡ್ಡನ್ನು ದಪ್ಪ ಪ್ಲೇಟಿಗೆ ಬಿಗಿದು ಬಿಸಿ ಮಾಡಿ ನೇರ ಮಾಡಬೇಕು, ಅದು ಗೊತ್ತಿರುವ ಅಂಗಡಿಗೇ ಕೊಡಬೇಕು. ವಿಪರೀತ ಕಾದ ಅಲ್ಯೂಮಿನಿಯಂ ಮೆತ್ತಗಾಗುತ್ತದೆ ಕೂಡ. ಮೆತ್ತಗಾದ ಹೆಡ್ ಬೋಲ್ಟ್ ಬಿಗಿತವನ್ನು ತಾಳುವುದಿಲ್ಲ, ಒಳಗೆ ಒತ್ತಿ ಕೂರಿಸಿದ ವಾಲ್ವ್ ಸೀಟ್ ಸಡಿಲಾಗಿ ಬೀಳಬಹುದು. ನನ್ನ ಹೆಡ್ಡಿಗೆ ಚಾಚಾ ಫೇಸಿಂಗ್ ಬೇಡ ಅಂದರು. ಕ್ಯಾಮ್ ತಿರುಗಲಿಲ್ಲ. ಬೇರೆ ಹೆಡ್ಡೇ ಹಾಕಿಸಿದೆ.

ಸೀಳಿನ ರಿಪೇರಿಯಲ್ಲಿ ಅಲ್ಯೂಮಿನಿಯಂ ಸ್ವಲ್ಪ ವಾಸಿ. ಆರ್ಗಾನ್ ವೆಲ್ಡಿಂಗ್ ಮಾಡಿ ಮತ್ತೆ ಮಷೀನ್ ಮಾಡಿಸಬಹುದು. ಬೀಡಿನ ಸೀಳಿಗೆ ಸಾದಾ ವೆಲ್ಡಿಂಗ್ ಹೊಡೆದರೆ ಪಕ್ಕದಲ್ಲೇ ಇನ್ನೊಂದು ಸೀಳು ಬರುತ್ತದೆ. ಇಡೀ ಹೆಡ್ಡನ್ನು ಭಟ್ಟಿಯಲ್ಲಿ ಕಾಯಿಸಿ ಬೆಸೆದು ನಿಧಾನವಾಗಿ ಆರಿಸಬೇಕು, ಇಲ್ಲವೇ ಬಿಸಿಯೇ ಇಲ್ಲದೆ ಲೋಹದ ಮೊಳೆ ಕೂರಿಸಿ ಹೊಲಿಗೆ ಹಾಕಿದ ಹಾಗೆ ಮಾಡಬೇಕು. ವಾಲ್ವ್‌ಗಳ ನಡುವೆ ಸೀಳಿದ ಹಳೆ ಬೀಡಿನ ಹೆಡ್ ಆದರೆ ನನ್ನ ಪ್ರಕಾರ ರಿಪೇರಿಗಿಂತ ಪ್ರೆಶರ್ ಟೆಸ್ಟ್ ಆದ ಸೆಕೆಂಡ್ ಹ್ಯಾಂಡ್ ಹೆಡ್ ಹುಡುಕುವುದೇ ಮೇಲು.

ಕೂರಿಸುವಾಗ, ಕೂರಿಸಿದ ಮೇಲೆ

ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ನೀರು, ಎಣ್ಣೆ ಉಳಿದಿರಬಾರದು. ಬೋಲ್ಟ್ ಒಳಗೆ ಹೋದಾಗ ಆ ನೀರಿಗೆ ಹೋಗಲು ದಾರಿಯಿಲ್ಲದೆ ಬ್ಲಾಕ್ ಸೀಳಿದ್ದುಂಟು. ಗಾಳಿ ಹೊಡೆದು ಒಣಗಿಸಿ. ಈಚಿನ ಅಲ್ಯೂಮಿನಿಯಂ ಹೆಡ್‌ಗಳ ಬೋಲ್ಟ್‌ಗಳು ಬಹಳ ಕಡೆ ಒಮ್ಮೆ ಬಿಗಿದರೆ ತಾವೇ ಎಳೆದು ಉದ್ದವಾಗುವಂಥವು. ಮೊದಲು ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲಿ ಹೇಳಿದಷ್ಟು ಬಿಗಿದು, ಆಮೇಲೆ ಇಷ್ಟು ಡಿಗ್ರಿ ತಿರುಗಿಸಬೇಕು ಅಂತ ಇರುತ್ತದೆ. ಅವನ್ನು ಮತ್ತೆ ಬಳಸಬೇಡಿ, ಹೊಸ ಸೆಟ್ ತನ್ನಿ. ನಡುವಿನಿಂದ ಹೊರಗೆ ಹೋಗುತ್ತಾ ಮೂರು ನಾಲ್ಕು ಸುತ್ತಿನಲ್ಲಿ ಬಿಗಿಯಬೇಕು. ಕೈ ಅಂದಾಜಿನಲ್ಲಿ ಬಿಗಿಯುವ ಮಿಸ್ತ್ರಿ ಎಷ್ಟೇ ಹಳಬರಾದರೂ ಟಾರ್ಕ್ ರೆಂಚ್ ಕೇಳಿ. ಹಳೆ ಬೀಡಿನ ಎಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ಸ್ವಲ್ಪ ಓಡಿಸಿ ಮತ್ತೊಮ್ಮೆ ಬಿಗಿಯಬೇಕಾಗುತ್ತದೆ, ಡಿಗ್ರಿ ಲೆಕ್ಕದ ಬೋಲ್ಟ್‌ಗಳಿಗೆ ಅದು ಬೇಡ. ಎಷ್ಟು ಕಿಲೋಮೀಟರ್‌ಗೆ ಅನ್ನುವುದನ್ನೂ ಮ್ಯಾನ್ಯುವಲ್ ನೋಡಿಯೇ ಮಾಡಿಸಿ.

ಹಾಗಾದರೆ ಯಾವುದು ತಗೊಳ್ಳಬೇಕು? ಹಳ್ಳಿಯ ದಾರಿ, ಕೈಗೆ ಸಿಕ್ಕ ಡ್ರೈವರ್, ಗಾಡಿ ನಿಂತಲ್ಲಿ ಸಿಕ್ಕ ನೀರು, ಇದೇ ನಿಮ್ಮ ಬಳಕೆಯಾದರೆ ಬೀಡಿನ ಹೆಡ್ ತಗೊಳ್ಳಿ. ಭಾರ, ನಿಧಾನ, ಆದರೆ ಒಂದೆರಡು ತಪ್ಪು ತಾಳಿಕೊಳ್ಳುತ್ತದೆ. ನೀವೇ ಓಡಿಸುತ್ತೀರಿ, ವಾರಕ್ಕೊಮ್ಮೆ ಬಾನೆಟ್ ಎತ್ತುತ್ತೀರಿ, ಕೂಲೆಂಟ್‌ಗೆ ದುಡ್ಡು ಹಾಕುತ್ತೀರಿ ಅಂದರೆ ಅಲ್ಯೂಮಿನಿಯಂ ಹೆಡ್ಡಿನ ಗಾಡಿಗೆ ಹೆದರಬೇಕಿಲ್ಲ, ನಾನು ಈಗಲೂ ಅದನ್ನೇ ಓಡಿಸುತ್ತಿದ್ದೇನೆ.

ಓಣಿಯ ಹುಡುಗನ ಜೊತೆ ಮರುದಿನ ಬೆಳಗ್ಗೆ ನಾನೂ ಹೋದೆ. ಎಂಜಿನ್ ತಣ್ಣಗೇ ಇರಲಿ, ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿದ್ದೆವು. ಅಯಸ್ಕಾಂತ ಜಾರಿ ಬಿತ್ತು, ಅಲ್ಯೂಮಿನಿಯಂ. ಕ್ಯಾಪ್ ತೆಗೆದರೆ ಒಳಗೆ ಕೂಲೆಂಟ್ ಇಲ್ಲ, ಕೆಮ್ಮಣ್ಣಿನ ಬಣ್ಣದ ನೀರು. ಸ್ಟಾರ್ಟ್ ಮಾಡಿಸಿದೆವು, ಗುಳ್ಳೆ ನಿಲ್ಲಲೇ ಇಲ್ಲ. ಹೆಡ್ ಕೆಲಸ ಮಾಡಿಸಿದ್ದು ಎಲ್ಲಿ, ಫೇಸಿಂಗ್ ಎಷ್ಟು ಆಗಿದೆ, ಬಿಲ್ ಇದೆಯಾ ಅಂತ ಕೇಳಿದರೆ ಉತ್ತರವಿಲ್ಲ. ಈಗ ಅವನು ಜೇವರ್ಗಿ ಕಡೆ ಇನ್ನೊಂದು ಕಾರು ನೋಡಿದ್ದಾನೆ. ಅಯಸ್ಕಾಂತ ನನ್ನದೇ ಒಯ್ದಿದ್ದಾನೆ.